ವೇದಿಕೆ ಮೇಲೆ ಕೈಕೊಡದ ಜಾವಾಸ್ಕ್ರಿಪ್ಟ್ ಡೆಮೊ

ಮನೆಯಲ್ಲಿ ಹತ್ತು ಸಲ ಸರಿಯಾಗಿ ಓಡಿದ ಡೆಮೊ ಕಾನ್ಫರೆನ್ಸ್‌ನಲ್ಲಿ ನಿಂತುಹೋದರೆ ಮೊದಲು ಕೋಡನ್ನು ಅನುಮಾನಿಸಬೇಡಿ. ಅಲ್ಲಿ ಬದಲಾಗಿರುವುದು ವೈಫೈ, ಪ್ರೊಜೆಕ್ಟರ್, ಬ್ರೌಸರ್‌ನ ಸ್ಥಿತಿ. ಪ್ರೊಡಕ್ಷನ್‌ಗೆ ಡಿಪ್ಲಾಯ್ ಮಾಡುವಾಗ ಇರುವ ಜಾಗ್ರತೆಯೇ ವೇದಿಕೆಗೂ ಬೇಕು.

ವಿಷಯ ಚಿಕ್ಕದಿರಲಿ. ಇಡೀ ಇವೆಂಟ್ ಲೂಪ್ (ಜಾವಾಸ್ಕ್ರಿಪ್ಟ್ ಯಾವ ಕೆಲಸವನ್ನು ಯಾವಾಗ ಓಡಿಸಬೇಕೆಂದು ನಿರ್ಧರಿಸುವ ವ್ಯವಸ್ಥೆ) ವಿವರಿಸುತ್ತೇನೆ ಎಂದು ಕಾನ್ಫರೆನ್ಸ್‌ಗೆ ಪ್ರಪೋಸಲ್ ಬರೆದರೆ ಆಯ್ಕೆಯಾಗುವುದು ಕಷ್ಟ. 2014ರ ಜೆಎಸ್‌ಕಾನ್ಫ್ ಇಯು ಎಂಬ ಜಾವಾಸ್ಕ್ರಿಪ್ಟ್ ಕಾನ್ಫರೆನ್ಸ್‌ನಲ್ಲಿ ಫಿಲಿಪ್ ರಾಬರ್ಟ್ಸ್ ಆ ಕೆಲಸ ಮಾಡಿ, ಕಾಲ್ ಸ್ಟ್ಯಾಕನ್ನು (ಸದ್ಯ ಓಡುತ್ತಿರುವ ಫಂಕ್ಷನ್‌ಗಳ ಅಟ್ಟಿ) ಕಣ್ಣಿಗೆ ಕಾಣಿಸುವ ‘ಲೂಪ್’ (Loupe) ಎಂಬ ಸಾಧನವನ್ನೂ ಕೊಟ್ಟಿದ್ದಾರೆ. ‘ಟೈಮರ್‌ಗಿಂತ ಪ್ರಾಮಿಸ್ ಮೊದಲು ಯಾಕೆ ಓಡುತ್ತದೆ’ ಎಂಬಷ್ಟು ಹಿಡಿಯಿರಿ (ಪ್ರಾಮಿಸ್ ಎಂದರೆ ಆಮೇಲೆ ಸಿಗುವ ಫಲಿತಾಂಶಕ್ಕೆ ಕಾಯುವ ವಸ್ತು), 25 ನಿಮಿಷಕ್ಕೆ ಧಾರಾಳವಾಯಿತು.

ಅದಕ್ಕೆ ನಾಲ್ಕು ಹೇಳಿಕೆಗಳ ಕೋಡ್ ಸಾಕು: 1 ಎಂದು ಲಾಗ್ ಮಾಡಿ, ಸೊನ್ನೆ ಮಿಲಿಸೆಕೆಂಡಿನ ಸೆಟ್‌ಟೈಮ್‌ಔಟ್ ಒಳಗೆ 2, ಆಗಲೇ ರಿಸಾಲ್ವ್ ಆದ, ಅಂದರೆ ಫಲಿತಾಂಶ ಸಿಕ್ಕಿರುವ ಪ್ರಾಮಿಸ್‌ನ ದೆನ್ ಒಳಗೆ 3, ಕೊನೆಗೆ ನೇರವಾಗಿ 4. ಓಡಿಸುವ ಮುಂಚೆ ಸಭಿಕರಿಂದ ಉತ್ತರ ಕೇಳಿ, ಕೈ ಎತ್ತಿಸಿ. ಬರುವುದು 1, 4, 3, 2. ದೆನ್‌ನ ಕಾಲ್‌ಬ್ಯಾಕ್ (ಅದಕ್ಕೆ ಕೊಟ್ಟ ಫಂಕ್ಷನ್) ಮೈಕ್ರೊಟಾಸ್ಕ್ ಎಂಬ ಸರದಿಯಲ್ಲಿ ಕಾಯುತ್ತದೆ. ಸದ್ಯದ ಕೋಡ್ ಮುಗಿದ ಕೂಡಲೇ ಆ ಸರದಿ ಪೂರ್ತಿ ಖಾಲಿಯಾಗಬೇಕು, ಆಮೇಲಷ್ಟೇ ಟೈಮರ್‌ನ ಪಾಳಿ.

ಇದನ್ನು ಕ್ರೋಮ್ ಕನ್ಸೋಲ್‌ಗೆ ಪೇಸ್ಟ್ ಮಾಡಿ ತೋರಿಸುವ ಆಸೆ ಬೇಡ. ಉತ್ತರಗಳ ನಡುವೆ ‘ಅನ್‌ಡಿಫೈನ್ಡ್’ ಬೇರೆ ತಲೆ ಹಾಕುತ್ತದೆ, ಅದು ಐದನೆಯ ಉತ್ತರವೇನೋ ಎಂದು ಜನ ಗೊಂದಲಕ್ಕೆ ಬೀಳುತ್ತಾರೆ. ಬುಕ್‌ಮಾರ್ಕ್, ನೋಟಿಫಿಕೇಶನ್ ಕಾಣದಿರಲಿ ಎಂದು ಹೊಸ ಪ್ರೊಫೈಲ್ ಮಾಡಿಕೊಂಡಿದ್ದರಂತೂ ಕ್ರೋಮ್ ಪೇಸ್ಟ್ ಮಾಡಲೇ ಬಿಡದೆ ಮೊದಲು ಎಚ್ಚರಿಕೆ ತೋರಿಸಿ, ಅನುಮತಿಯ ಪದಗಳನ್ನು ಟೈಪ್ ಮಾಡಿಸಿಕೊಳ್ಳುತ್ತದೆ. ಫೈಲ್‌ನಲ್ಲಿಟ್ಟು, ಬ್ರೌಸರ್ ಇಲ್ಲದೆಯೇ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಓಡಿಸಿ.

ಇನ್ನೊಂದು ಬಲೆ ಸ್ಲೈಡ್ ಮತ್ತು ಡೆಮೊ ಒಂದೇ ಬ್ರೌಸರ್‌ನ ಎರಡು ಟ್ಯಾಬ್‌ಗಳಲ್ಲಿರುವುದು. ನೀವು ಸ್ಲೈಡ್‌ಗೆ ಹೋದೊಡನೆ ಹಿಂದಿನ ಟ್ಯಾಬ್‌ನ ರಿಕ್ವೆಸ್ಟ್ ಆನಿಮೇಶನ್ ಫ್ರೇಮ್ (ಆನಿಮೇಶನ್ ಓಡಿಸುವ ಫಂಕ್ಷನ್) ನಿಲ್ಲುತ್ತದೆ, ಟೈಮರ್‌ಗಳು ಸೆಕೆಂಡಿಗೆ ಒಂದರಂತೆ ಕುಂಟುತ್ತವೆ. 100 ಮಿಲಿಸೆಕೆಂಡಿಗೊಮ್ಮೆ ಏರಬೇಕಾದ ಎಣಿಕೆ ವಾಪಸ್ ಬಂದು ನೋಡಿದರೆ ಎಷ್ಟೋ ಹಿಂದೆ ಉಳಿದಿರುತ್ತದೆ. ಟಿಕ್‌ಗಳನ್ನು ಎಣಿಸುವ ಬದಲು ಪರ್ಫಾರ್ಮೆನ್ಸ್ ನೌ ಎಂಬ ಫಂಕ್ಷನ್ ಕೊಡುವ ಸಮಯದ ವ್ಯತ್ಯಾಸ ಬಳಸಿ. ಇಲ್ಲವೇ ಟ್ಯಾಬ್ ತೆರೆದ ಮೇಲೇ ಶುರು ಮಾಡುವ ಗುಂಡಿ ಇಡಿ.

ಹಿಂದಿನ ದಿನ ವೈಫೈ ಆಫ್ ಮಾಡಿ ಇಡೀ ಟಾಕ್ ಒಮ್ಮೆ ಓಡಿಸಿ. ಸಿಡಿಎನ್‌ನಿಂದ (ಫೈಲ್‌ಗಳನ್ನು ನೆಟ್ ಮೂಲಕ ಹಂಚುವ ಸರ್ವರ್‌ಗಳು) ಬರುವ ಫಾಂಟ್, ಲೈಬ್ರರಿ ಎಲ್ಲ ಆಗ ಬಯಲಾಗುತ್ತವೆ. ಸಭಾಂಗಣದಲ್ಲಿ ಕೂತು ಲೈಬ್ರರಿಗಳನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವ ‘ಎನ್‌ಪಿಎಂ ಸಿಐ’ ಕಮಾಂಡ್ ಮಾತ್ರ ಹೊಡೆಯಬೇಡಿ. ಅದು ಮೊದಲು ಇರುವ ಲೈಬ್ರರಿಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೇ ಅಳಿಸುತ್ತದೆ, ನೆಟ್ ಕೈಕೊಟ್ಟರೆ ಇದ್ದದ್ದೂ ಹೋಯಿತು.

ಫೋನ್‌ನಲ್ಲಿ ತೋರಿಸುವುದಾದರೆ ಲ್ಯಾಪ್‌ಟಾಪ್‌ನ ಐಪಿ ವಿಳಾಸ ನಂಬಬೇಡಿ. ಲೋಕಲ್‌ಹೋಸ್ಟನ್ನು (ಯಂತ್ರ ತನ್ನನ್ನೇ ಕರೆಯುವ ವಿಳಾಸ) ಬ್ರೌಸರ್ ಸುರಕ್ಷಿತವೆಂದು ಒಪ್ಪುತ್ತದೆ, ಸಾದಾ ಎಚ್‌ಟಿಟಿಪಿಯ ಐಪಿಯನ್ನು ಒಪ್ಪುವುದಿಲ್ಲ; ಕ್ಯಾಮೆರಾ, ಸರ್ವಿಸ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಎರಡೂ ಕೆಲಸ ಮಾಡವು. ಆಂಡ್ರಾಯ್ಡ್ ಆದರೆ ಯುಎಸ್‌ಬಿ ಕೇಬಲ್ ಹಾಕಿ, ಕ್ರೋಮ್‌ನ ಪೋರ್ಟ್ ಫಾರ್ವರ್ಡಿಂಗ್ ಬಳಸಿ; ಆಗ ಫೋನ್‌ನಲ್ಲೂ ಲೋಕಲ್‌ಹೋಸ್ಟ್ ಎಂದೇ ತೆರೆಯಬಹುದು.

ಅಕ್ಷರ 24 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಒಂದು ಪರದೆಗೆ 15 ಸಾಲು ಹೆಚ್ಚಾಯಿತು. ಬೆಳಕಿರುವ ಹಾಲ್‌ನಲ್ಲಿ ಡಾರ್ಕ್ ಥೀಮ್‌ನ ಬೂದು ಕಾಮೆಂಟ್‌ಗಳು ಕಾಣುವುದೇ ಇಲ್ಲ, ಲೈಟ್ ಥೀಮ್ ಹಾಕಿ. ಡೆವ್‌ಟೂಲ್ಸ್ (ಬ್ರೌಸರ್‌ನೊಳಗಿನ ಡೆವಲಪರ್ ಫಲಕ) ಜೂಮ್ ಪುಟದ ಜೂಮ್‌ಗಿಂತ ಬೇರೆ, ಅದರೊಳಗೆ ಕ್ಲಿಕ್ ಮಾಡಿಯೇ ಹಿಗ್ಗಿಸಬೇಕು. ಎಡಿಟರ್‌ನ ಎಐ ಸಲಹೆ ಆಫ್ ಇರಲಿ, ನೀವು ಕೇಳಿದ ಪ್ರಶ್ನೆಗೆ ಅದೇ ಮೊದಲು ಉತ್ತರ ಬರೆದುಬಿಡುತ್ತದೆ.

ಡೆಮೊದ ಪ್ರತಿ ಹಂತದ ಕೋಡ್‌ಗೂ ಒಂದು ಗಿಟ್ ಟ್ಯಾಗ್ (ಉಳಿಸಿಟ್ಟ ಆವೃತ್ತಿಗೆ ಹೆಸರು) ಇಡಿ. ಟೈಪ್ ಮಾಡಿದ್ದು ಕೆಟ್ಟರೆ ಎರಡು ಸಲ ಮಾತ್ರ ಸರಿಪಡಿಸಲು ನೋಡಿ, ಮೂರನೆಯದಕ್ಕೆ ‘ಚೆಕ್‌ಔಟ್ ಮೈನಸ್ ಎಫ್’ ಕೊಟ್ಟು ಮುಂದಿನ ಟ್ಯಾಗ್‌ಗೆ ಹಾರಿ. ಎಫ್ ಬಿಟ್ಟರೆ ಕಮಿಟ್ ಆಗದ ಬದಲಾವಣೆ ಇದೆಯೆಂದು ಗಿಟ್ ತಕರಾರು ತೆಗೆಯಬಹುದು. ಡೆಮೊದ 2 ನಿಮಿಷದ ರೆಕಾರ್ಡಿಂಗ್ ಕೂಡ ಡೆಸ್ಕ್‌ಟಾಪ್ ಮೇಲಿರಲಿ, ಕ್ಲೌಡ್‌ನಲ್ಲಲ್ಲ.

ಪ್ರಶ್ನೆಗಳ ಹೊತ್ತಿಗೆ ಕೇಳಿದ್ದನ್ನು ಮೈಕ್‌ನಲ್ಲಿ ಮತ್ತೊಮ್ಮೆ ಹೇಳಿ ಆಮೇಲೆ ಉತ್ತರಿಸಿ. ಇಲ್ಲದಿದ್ದರೆ ವಿಡಿಯೊದಲ್ಲಿ ನೀವು ಯಾರಿಗೋ ಏನೋ ಉತ್ತರಿಸುತ್ತಿರುವುದಷ್ಟೇ ಕೇಳಿಸುತ್ತದೆ.