ಧೂಳಿನ ದಾರಿಗೆ ತಕ್ಕ ಹೆಡ್‌ಲೈಟ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ?

ಸಂಡೂರಿನ ಗುಡ್ಡಗಳ ಕಡೆಯಿಂದ ತೋರಣಗಲ್ಲಿಗೆ ರಾತ್ರಿ ಹೊತ್ತು ಇಳಿದು ಬರುವಾಗ ಮುಂದೆ ಅದಿರಿನ ಲಾರಿಯೊಂದು ಹೊರಟಿದ್ದರೆ, ಅದರ ಚಕ್ರಗಳು ಎಬ್ಬಿಸುವ ಕೆಂಧೂಳು ರಸ್ತೆಯ ಮೇಲೆ ಬಹಳ ಹೊತ್ತು ತೇಲುತ್ತಿರುತ್ತದೆ. ಆ ಧೂಳಿನೊಳಗೆ ಹೈ ಬೀಮ್ ಹಾಕಿದವರಿಗೆ ರಸ್ತೆ ಕಾಣುವುದಿಲ್ಲ. ಗಾಡಿಯ ಮುಂದೆಯೇ ಕೆಂಪು ಗೋಡೆಯೊಂದು ಎದ್ದು ನಿಂತಂತಾಗುತ್ತದೆ. ಡಿಮ್, ಅಂದರೆ ಲೋ ಬೀಮ್, ಮಾಡಿದ ಕೂಡಲೇ ಆ ಗೋಡೆ ಇಳಿದು ರಸ್ತೆಯ ಅಂಚು ಮತ್ತೆ ಕಣ್ಣಿಗೆ ಬೀಳುತ್ತದೆ. ಹೆಡ್‌ಲೈಟ್ ಬದಲಾಯಿಸಬೇಕೆಂದಿರುವ ಜೀಪು, ಥಾರ್, ಜಿಪ್ಸಿ, ಗೂರ್ಖಾ ಮಾಲೀಕರು ಅಂಗಡಿಗೆ ಹೋಗುವ ಮೊದಲು ಇದನ್ನೊಮ್ಮೆ ಸ್ವತಃ ನೋಡಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ದಾರಿಗಳಲ್ಲಿ ಬೆಳಕು ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಬೀಳುತ್ತದೆ ಎಂಬುದೇ ಹೆಚ್ಚು ಮುಖ್ಯ ಎಂದು ನಾನು ರೊಕ್ಕ ಕಳೆದುಕೊಂಡ ಮೇಲೆ ಕಲಿತೆ.

ನನ್ನದು ಏಳು ಇಂಚಿನ ದುಂಡು ಹೆಡ್‌ಲೈಟಿನ ಹಳೆಯ ಜೀಪು. ಅದರ ಮಂದ ಬೆಳಕು ಸಾಲದೆಂದು, ಡಬ್ಬಿಯ ಮೇಲೆ ದೊಡ್ಡ ಲ್ಯೂಮೆನ್ ಸಂಖ್ಯೆ ಅಚ್ಚಾಗಿದ್ದ ಎಲ್‌ಇಡಿ ಬಲ್ಬುಗಳನ್ನು ಹಳೆಯ ಡೂಮಿನೊಳಗೇ (ಬಲ್ಬು ಕೂರುವ, ಹಿಂದೆ ರಿಫ್ಲೆಕ್ಟರ್, ಮುಂದೆ ಗಾಜು ಇರುವ ಬಟ್ಟಲು) ಹಾಕಿಸಿದೆ. ಆ ವಾರವೇ ಸಿರುಗುಪ್ಪದಿಂದ ಸಿಂಧನೂರಿನ ಕಡೆಗೆ ಹೋಗುವಾಗ, ನಾನು ಡಿಮ್‌ನಲ್ಲಿಯೇ ಇದ್ದರೂ, ಎದುರಿಗೆ ಬಂದ ಬಸ್ಸುಗಳೆಲ್ಲ ಡಿಪ್ಪರ್ ಹೊಡೆಯತೊಡಗಿದವು. ಭತ್ತದ ಚೀಲ ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನ ಚಾಲಕರೊಬ್ಬರು ಗಾಡಿಯನ್ನು ರಸ್ತೆಯ ಬದಿಗೆ ಇಳಿಸಿ, ಕಣ್ಣಿಗೆ ಅಡ್ಡವಾಗಿ ಕೈ ಹಿಡಿದು ನಿಂತರು. ಮರುದಿನವೇ ಆ ಬಲ್ಬುಗಳನ್ನು ತೆಗೆಸಿದೆ. ತಪ್ಪು ಎಲ್ಲಿತ್ತೆಂದು ಹುಡುಕುತ್ತ ಕಲಿತದ್ದನ್ನು, ಕೆಲಸ ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈಗಿರುವುದನ್ನು ಅಳೆಯಿರಿ

ಹೊಸ ಲೈಟು ಕೊಳ್ಳುವ ಮೊದಲು ಹಳೆಯ ಲೈಟಿಗೆ ಪೂರ್ತಿ ಕರೆಂಟು ತಲುಪುತ್ತಿದೆಯೇ ಎಂದು ನೋಡಬೇಕು. ಹಳೆಯ ಜೀಪುಗಳಲ್ಲಿ ಹೆಡ್‌ಲೈಟಿನ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚು ಮತ್ತು ಸಣ್ಣ ವೈರುಗಳ ಮೂಲಕ ಹಾದು ಬರುವುದರಿಂದ ದಾರಿಯಲ್ಲಿಯೇ ವೋಲ್ಟೇಜು ಸೋರಿಹೋಗುತ್ತದೆ. ಇಂಜಿನ್ ಚಾಲೂ ಇಟ್ಟು ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಎರಡೂ ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 13.5ರಿಂದ 14.4 ವೋಲ್ಟ್ ತೋರಿಸಬೇಕು. ಅನಂತರ ಬಲ್ಬು ಉರಿಯುತ್ತಿರುವಾಗಲೇ ಅದರ ಹೋಲ್ಡರಿನ ಹಿಂಭಾಗದಲ್ಲಿ ಅಳೆಯಬೇಕು. ಬಲ್ಬು ಕಿತ್ತು ಅಳೆದರೆ ನಿಜವಾದ ಕೊರತೆ ತಿಳಿಯುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ಅರ್ಧ ವೋಲ್ಟಿನೊಳಗೆ ಇದ್ದರೆ ವೈರಿಂಗ್ ಚೆನ್ನಾಗಿದೆ ಎಂದರ್ಥ. ನನ್ನ ಜೀಪಿನಲ್ಲಿ ಬ್ಯಾಟರಿ 13.9 ತೋರಿಸಿದರೆ ಬಲ್ಬಿನ ಬಳಿ 12.1 ಮಾತ್ರ ಇತ್ತು.

ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜು ಇಳಿದ ಪ್ರಮಾಣಕ್ಕಿಂತ ಬೆಳಕು ಬಹಳ ಹೆಚ್ಚಾಗಿ ಇಳಿಯುತ್ತದೆ. ವೋಲ್ಟೇಜು ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಗುತ್ತದೆ. ಲೆಕ್ಕ ಹಾಕಿದರೆ ನನ್ನ ಬಲ್ಬುಗಳು ಕೊಡಬಹುದಾಗಿದ್ದ ಬೆಳಕಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ವೈರಿನಲ್ಲಿಯೇ ಕಳೆದುಹೋಗುತ್ತಿತ್ತು. ಇದಕ್ಕೆ ಪರಿಹಾರವೆಂದರೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಹೈ ಬೀಮಿಗೊಂದು, ಲೋ ಬೀಮಿಗೊಂದು ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಕೂರಿಸುವುದು. ಆಗ ಹಳೆಯ ಸ್ವಿಚ್ಚು ರಿಲೇಯನ್ನು ಎಳೆಯುವ ಅಲ್ಪ ಕರೆಂಟನ್ನಷ್ಟೇ ಹೊರುತ್ತದೆ. ಹೈ, ಲೋ ಎರಡಕ್ಕೂ ಬೇರೆ ಬೇರೆ ತಂತಿಯಿರುವ ಸಾಮಾನ್ಯ ಎಚ್4 ಬಲ್ಬು ಹೈ ಬೀಮಿನಲ್ಲಿ 60 ವ್ಯಾಟ್, ಲೋ ಬೀಮಿನಲ್ಲಿ 55 ವ್ಯಾಟ್ ಇರುವುದರಿಂದ ಎರಡು ಹೈ ಬೀಮ್‌ಗಳಿಗೆ ಒಟ್ಟು 10 ಆಂಪಿಯರ್ ಬೇಕು. ಅದಕ್ಕೆ 2.5 ಚದರ ಮಿಲಿಮೀಟರಿನ ವೈರು, ಬ್ಯಾಟರಿಯ ಹತ್ತಿರದಲ್ಲಿಯೇ 15 ಆಂಪಿಯರಿನ ಫ್ಯೂಸು, ತುಕ್ಕು ಕೆರೆದು ಗಾಡಿಯ ಲೋಹದ ಮೈಗೆ ಬಿಗಿದ ಅರ್ಥ್ ವೈರು ಇದ್ದರೆ ಸಾಕು. ವೈರು ಕತ್ತರಿಸದೆ ಕಪ್ಲರಿನಿಂದಲೇ ಸಿಕ್ಕಿಸುವ ಸಿದ್ಧ ವೈರಿಂಗ್ ಸೆಟ್ಟುಗಳು ಸಿಗುತ್ತವೆ. ವಾರಂಟಿ ಇರುವ ಹೊಸ ಗಾಡಿಗಳಿಗೆ ಅವೇ ಸರಿ.

ಜೊತೆಗೆ ಡೂಮನ್ನೂ ಪರೀಕ್ಷಿಸಿ. ಒಳಗಿನ ರಿಫ್ಲೆಕ್ಟರ್ ಮಸುಕಾಗಿದ್ದರೆ ಎಂತಹ ಬಲ್ಬು ಹಾಕಿದರೂ ಪ್ರಯೋಜನವಿಲ್ಲ. ಈ ಎರಡು ಕೆಲಸ ಮುಗಿಸಿದ ಮೇಲೆ ಅನೇಕರಿಗೆ ಹೊಸ ಲೈಟಿನ ಅಗತ್ಯವೇ ಉಳಿಯುವುದಿಲ್ಲ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ.

ಬಲ್ಬು ಬದಲಿಸುವುದೋ, ಇಡೀ ಡೂಮ್ ಬದಲಿಸುವುದೋ

ಅಂಗಡಿಯಲ್ಲಿ ಮೊದಲು ಕೈಗೆ ಬರುವುದು 100/90 ವ್ಯಾಟಿನ ಹ್ಯಾಲೊಜೆನ್ ಬಲ್ಬು. ಎರಡು ಹೈ ಬೀಮ್ ಸೇರಿ ಸುಮಾರು 17 ಆಂಪಿಯರ್ ಎಳೆಯುವ ಇದು ಹಳೆಯ ಸ್ವಿಚ್ಚನ್ನೂ ಹೋಲ್ಡರನ್ನೂ ಸುಡಬಲ್ಲದು. ಪ್ಲಾಸ್ಟಿಕ್ ರಿಫ್ಲೆಕ್ಟರ್ ಇದ್ದರೆ ಅದರ ಬಿಸಿಗೆ ಹೊಳಪು ಹೋಗುತ್ತದೆ. ಇದನ್ನು ಬಿಟ್ಟುಬಿಡುವುದೇ ಮೇಲು.

ಎರಡನೆಯದು ನಾನು ಹಾಕಿಸಿ ಕೈಸುಟ್ಟುಕೊಂಡ ಎಲ್‌ಇಡಿ ಬಲ್ಬು. ಹ್ಯಾಲೊಜೆನ್ ಡೂಮಿನ ರಿಫ್ಲೆಕ್ಟರಿನ ಬಾಗು, ಎಚ್4 ಬಲ್ಬಿನ ತಂತಿ ಎಲ್ಲಿ ಉರಿಯುತ್ತದೆಯೋ ಆ ಬಿಂದುವನ್ನು ಲೆಕ್ಕ ಹಾಕಿಯೇ ರೂಪಿಸಿದ್ದು. ಲೋ ಬೀಮಿನ ತಂತಿಯ ಕೆಳಗಿರುವ ಪುಟ್ಟ ಲೋಹದ ಬಟ್ಟಲು ಮೇಲಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ. ಎಲ್‌ಇಡಿ ಚಿಪ್ಪುಗಳ ಆಕಾರ, ದಪ್ಪ ಮತ್ತು ಸ್ಥಾನ ಆ ತಂತಿಗೆ ನಿಖರವಾಗಿ ಹೊಂದದಿದ್ದರೆ ಬೆಳಕು ಚೆದುರಿ, ಎದುರಿನವರ ಕಣ್ಣಿಗೂ ಧೂಳಿನ ಮೇಲಕ್ಕೂ ಹೋಗುತ್ತದೆ. ರಸ್ತೆಗೆ ಬೀಳುವ ಪಾಲು ಹೆಚ್ಚುವುದೇ ಇಲ್ಲ. ಡಬ್ಬಿಯ ಮೇಲಿನ ಲ್ಯೂಮೆನ್ ಎಂದರೆ ಬಲ್ಬು ಎಲ್ಲ ದಿಕ್ಕಿಗೂ ಸೂಸುವ ಒಟ್ಟು ಬೆಳಕು. ನಿಮಗೆ ಬೇಕಾಗಿರುವುದು ರಸ್ತೆಯ ಮೇಲೆ ಬಿದ್ದ ಬೆಳಕು, ಅಂದರೆ ಲಕ್ಸ್. ದೂರ ಎರಡರಷ್ಟಾದರೆ ಲಕ್ಸ್ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಬೆಳಕನ್ನು ಒಂದೆಡೆ ಹಿಡಿದು ಕಳಿಸುವ ಡೂಮಿಗೆ ಎಷ್ಟು ಬೆಲೆ ಇದೆ ಎಂದು ಅರ್ಥವಾಗುತ್ತದೆ.

ಆದ್ದರಿಂದ ಎಲ್‌ಇಡಿ ಬೇಕೆಂದಿದ್ದರೆ, ಎಲ್‌ಇಡಿಗೆಂದೇ ರೂಪಿಸಿದ ಇಡೀ ಏಳು ಇಂಚಿನ ಡೂಮನ್ನೇ ಕೊಳ್ಳಿ. ಕೊಳ್ಳುವಾಗ ಅದರ ಗಾಜಿನ ಮೇಲಿನ ಗುರುತುಗಳನ್ನು ಓದುವುದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ವೃತ್ತದೊಳಗೆ 'ಇ' ಅಕ್ಷರ ಮತ್ತು ಒಂದು ಸಂಖ್ಯೆ ಇದ್ದರೆ ಅದು ಯುರೋಪಿನ ನಿಯಮದಂತೆ ಪರೀಕ್ಷೆಗೆ ಒಳಗಾದ ಲೈಟು. ನಾವು ರಸ್ತೆಯ ಎಡಕ್ಕೆ ಓಡಿಸುವವರಾದ್ದರಿಂದ ನಮ್ಮ ಲೋ ಬೀಮ್ ಎಡಬದಿಗೆ ಸ್ವಲ್ಪ ಮೇಲೇರಿ, ರಸ್ತೆಯ ಅಂಚಿನ ಪಾದಚಾರಿಯನ್ನು ತೋರಿಸಬೇಕು, ಬಲಕ್ಕೆ ತಗ್ಗಿರಬೇಕು. ಬಲಬದಿ ಸಂಚಾರದ ದೇಶಗಳಿಗೆ ಮಾಡಿದ ಲೈಟು ಇದಕ್ಕೆ ತದ್ವಿರುದ್ಧವಾಗಿ, ಎದುರು ಬರುವವರ ಮುಖಕ್ಕೇ ಬೆಳಕು ಎತ್ತುತ್ತದೆ. ಎಡಬದಿ ಸಂಚಾರದ ಲೈಟಿನ ಗಾಜಿನ ಮೇಲೆ ಒಂದು ಅಡ್ಡ ಬಾಣವಿರುತ್ತದೆ; ಲೈಟಿಗೆ ಎದುರಾಗಿ ನಿಂತು ನೋಡಿದರೆ ಅದು ನಿಮ್ಮ ಬಲಕ್ಕೆ ತಿರುಗಿರುತ್ತದೆ. 'ಡಿಒಟಿ' ಎಂಬ ಅಮೆರಿಕದ ಗುರುತು ಮಾತ್ರ ಇದ್ದು ಬಾಣವಿಲ್ಲದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ವಾಪಸು ಇಡಿ.

ನಮ್ಮ ಮಣ್ಣು, ನಮ್ಮ ಬಿಸಿಲು

ಹ್ಯಾಲೊಜೆನ್ ಬೆಳಕಿನ ಬಣ್ಣ ಸುಮಾರು 3200 ಕೆಲ್ವಿನ್, ಅಂದರೆ ತುಸು ಹಳದಿ. ಮಾರುಕಟ್ಟೆಯ ಎಲ್‌ಇಡಿಗಳಲ್ಲಿ ಅನೇಕವು 6000 ಕೆಲ್ವಿನ್ನಿನ ಆಸುಪಾಸಿನಲ್ಲಿದ್ದು ನೀಲಿಗೆ ವಾಲಿರುತ್ತವೆ. ಕಬ್ಬಿಣದ ಅಂಶವಿರುವ ಕೆಂಪು ಮಣ್ಣು ನೀಲಿ ಬೆಳಕನ್ನು ಹೀರಿಕೊಂಡು ಕೆಂಪು, ಹಳದಿ ಬೆಳಕನ್ನು ಹಿಂದಿರುಗಿಸುತ್ತದೆ. ಹೀಗಾಗಿ ಸಂಡೂರಿನ ಕೆಂಪು ದಾರಿಯಲ್ಲಿ ನೀಲಿ ಬೆಳಕಿಗೆ ತಗ್ಗು ಯಾವುದು, ದಿಬ್ಬ ಯಾವುದು ಎಂದು ಬೇಗ ತಿಳಿಯುವುದಿಲ್ಲ. ನೀಲಿ ಬೆಳಕು ಎದುರಿನವರ ಕಣ್ಣನ್ನೂ ಹೆಚ್ಚು ಕುಕ್ಕುತ್ತದೆ. ಸಿಂಧನೂರು, ಮಾನ್ವಿ ಕಡೆಯ ಎರೆ ಭೂಮಿಯ ದಾರಿಗಳಿಗೆ ಇನ್ನೊಂದು ಸ್ವಭಾವವಿದೆ: ಮಳೆಯಾದ ಮೇಲೆ ಆ ಕಪ್ಪು ಮಣ್ಣು ಎಲ್ಲ ಬಣ್ಣದ ಬೆಳಕನ್ನೂ ನುಂಗುತ್ತದೆ, ಅಲ್ಲಿ ಬೆಳಕು ಅಗಲವಾಗಿ ಹರಡಿದಷ್ಟೂ ಗಾಲಿಯ ಜಾಡು ಚೆನ್ನಾಗಿ ಕಾಣುತ್ತದೆ. ಎರಡಕ್ಕೂ ಹೊಂದುವಂತೆ 4000ರಿಂದ 5000 ಕೆಲ್ವಿನ್ನಿನ ನಡುವಿನದನ್ನು ಆರಿಸಿಕೊಳ್ಳುವುದು ಲೇಸು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಎಲ್‌ಇಡಿಯ ಆಯುಷ್ಯ ಅದರ ಬಿಸಿ ಹೊರಹಾಕುವ ವ್ಯವಸ್ಥೆಯ ಮೇಲೆ ನಿಂತಿದೆ. ಹಿಂಬದಿಯಲ್ಲಿ ಪುಟ್ಟ ಫ್ಯಾನ್ ಇರುವವುಗಳಲ್ಲಿ ಅದಿರಿನ ನುಣುಪಾದ ಧೂಳು ಸೇರಿ ಫ್ಯಾನ್ ಕಟ್ಟಿಕೊಳ್ಳುತ್ತದೆ, ಅನಂತರ ಚಿಪ್ಪು ಕಾದು ಮಂದವಾಗುತ್ತದೆ. ಫ್ಯಾನ್ ಇಲ್ಲದ, ದಪ್ಪ ಅಲ್ಯೂಮಿನಿಯಂ ರೆಕ್ಕೆಗಳ ಡೂಮ್ ನಮಗೆ ಒಳ್ಳೆಯದು. ಐಪಿ 67 ಎಂಬ ಗುರುತಿನಲ್ಲಿ 6 ಎಂದರೆ ಧೂಳು ಒಳಹೋಗದು ಎಂದೂ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದೂ ಅರ್ಥ. ಹಳ್ಳ ದಾಟುವವರು ಅದಕ್ಕಿಂತ ಕಡಿಮೆಯದನ್ನು ಕೊಳ್ಳಬಾರದು. ಗಾಜಿನ ವಿಷಯದಲ್ಲಿ ನನ್ನ ಒಲವು ನಿಜವಾದ ಗಾಜಿನ ಕಡೆಗೇ ಇದೆ. ಲಾರಿಯ ಚಕ್ರದಿಂದ ಚಿಮ್ಮುವ ಕಲ್ಲಿಗೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಸುಲಭವಾಗಿ ಒಡೆಯುವುದಿಲ್ಲ, ನಿಜ. ಆದರೆ ಒಣ ಬಟ್ಟೆಯಿಂದ ಒಮ್ಮೆ ಒರೆಸಿದರೂ ಅದಿರಿನ ಧೂಳು ಅದರ ಮೇಲೆ ಗೀರು ಎಳೆಯುತ್ತದೆ. ಯಾವುದೇ ಇರಲಿ, ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಒದ್ದೆ ಬಟ್ಟೆ ಮುಟ್ಟಿಸಬೇಕು.

ಹೆಚ್ಚುವರಿ ಲೈಟುಗಳು ಮತ್ತು ಕಾನೂನು

ಧೂಳಿಗೆ ನಿಜವಾಗಿ ನೆರವಾಗುವುದು ಬಂಪರಿನಲ್ಲಿ ತಗ್ಗಾಗಿ ಕೂರಿಸಿದ, ಅಗಲವಾಗಿ ಹರಡುವ, ಬೆಳಕಿನ ಮೇಲಂಚು ಕತ್ತರಿಸಿದಂತಿರುವ ಫಾಗ್ ಲೈಟು. ಅದರ ಬೆಳಕು ಧೂಳಿನ ಅಡಿಯಲ್ಲಿ ಹಾದು ರಸ್ತೆಯನ್ನು ತೋರಿಸುತ್ತದೆ. ಧೂಳಿಗೆ ಬಡಿದು ಹಿಂದಿರುಗುವ ಬೆಳಕು ನಿಮ್ಮ ಕಣ್ಣಿನ ನೇರಕ್ಕೆ ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಚಾವಣಿಯ ಮೇಲಿನ ಉದ್ದನೆಯ ಲೈಟ್ ಬಾರ್ ನಿಮ್ಮ ಕಣ್ಣಿನ ಹತ್ತಿರದಿಂದಲೇ ಬೆಳಕು ಬಿಟ್ಟು ಬಾನೆಟ್ಟನ್ನೂ ಧೂಳನ್ನೂ ಬೆಳಗಿಸಿ ಮುಂದಿನದನ್ನು ಮರೆಮಾಡುತ್ತದೆ.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮವು, ನೋಂದಣಿ ಪ್ರಾಧಿಕಾರದ ಪೂರ್ವಾನುಮತಿಯಿರುವ ವಿಶೇಷ ಸಂದರ್ಭಗಳ ಹೊರತು, ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟ್, ಸರ್ಚ್ ಲೈಟ್ ಇರುವುದನ್ನೇ ನಿಷೇಧಿಸುತ್ತದೆ. ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈನಿಂದ ಪ್ರಕರಣ ದಾಖಲಿಸುವ ಕಾರ್ಯಾಚರಣೆಯನ್ನೂ ಕೈಗೊಂಡಿದ್ದಾರೆ. ಆದ್ದರಿಂದ ಡೂಮ್ ಬದಲಿಸುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಗಣಿಯ ಒಳಗೆ ಅಥವಾ ಸ್ವಂತ ಜಮೀನಿನಲ್ಲಿ ಮಾತ್ರ ಬಳಸುವ ಲೈಟುಗಳನ್ನು ಸುಲಭವಾಗಿ ಕಳಚುವಂತೆ ಕೂರಿಸಿ, ರಸ್ತೆಗೆ ಇಳಿಯುವ ಮೊದಲು ತೆಗೆದಿಡಿ.

ಗೋಡೆಯ ಮುಂದೆ ಒಂದು ಗಂಟೆ

ಒಳ್ಳೆಯ ಲೈಟು ಕೊಂಡು ಓರೆಯಾಗಿ ಕೂರಿಸಿದರೆ ಎಲ್ಲ ಖರ್ಚೂ ವ್ಯರ್ಥ. ಸಮತಟ್ಟಾದ ಅಂಗಳದಲ್ಲಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಗೋಡೆಯಿಂದ ಸರಿಯಾಗಿ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ. ಲೈಟಿನ ನಡುಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ, ಅದರ 10 ಸೆಂಟಿಮೀಟರ್ ಕೆಳಗೆ ಇನ್ನೊಂದು. ಒಂದು ಲೈಟನ್ನು ಗೋಣಿಚೀಲದಿಂದ ಮುಚ್ಚಿ, ಇನ್ನೊಂದರ ಲೋ ಬೀಮಿನ ಮೇಲಂಚು ಕೆಳಗಿನ ಗೆರೆಗೆ ತಾಗುವವರೆಗೆ ಡೂಮಿನ ಬದಿಯ ಸ್ಕ್ರೂ ತಿರುಗಿಸಿ. ನೂರಕ್ಕೆ ಒಂದರಷ್ಟು ಇಳಿಜಾರು ಇದು. 90 ಸೆಂಟಿಮೀಟರ್ ಎತ್ತರದ ಲೈಟಿನ ಬೆಳಕಿನ ಅಂಚು ಸುಮಾರು 90 ಮೀಟರ್ ದೂರದಲ್ಲಿ ರಸ್ತೆಗೆ ಸೇರುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ, ಚಾಲಕ ಎಚ್ಚೆತ್ತು ಬ್ರೇಕು ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ, ಜಲ್ಲಿ ದಾರಿಯಲ್ಲಿ ಗಾಡಿ ನಿಲ್ಲಲು ಅಂದಾಜು 60 ಮೀಟರ್ ಬೇಕಾಗುವುದರಿಂದ, ಹಿಂದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರೇಲರ್ ಎದುರಾದರೂ ನಿಲ್ಲಿಸಲು ಸ್ಥಳ ಉಳಿಯುತ್ತದೆ.

ಸಸ್ಪೆನ್ಷನ್ ಎತ್ತರಿಸಿದ ಗಾಡಿಗಳಲ್ಲಿ ಲೈಟೂ ಮೇಲೇರಿರುವುದರಿಂದ ಇನ್ನಷ್ಟು ತಗ್ಗಿಸಬೇಕಾಗುತ್ತದೆ. ಮೇಲೆ ಹೇಳಿದ ಕೇಂದ್ರ ನಿಯಮಗಳ 106ನೇ ನಿಯಮದ ಪ್ರಕಾರ, ಲೈಟಿನಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. ಅಷ್ಟು ಅಳೆದು ಆ ಜಾಗದಲ್ಲಿ ನೀವೇ ತುಸು ಬಗ್ಗಿ ನಿಂತು ನೋಡಿ. ನಾನು ಹಾಗೆ ನಿಂತಾಗಲೇ ಆ ಟ್ರ್ಯಾಕ್ಟರಿನ ಚಾಲಕರು ಕೈ ಅಡ್ಡ ಹಿಡಿದದ್ದು ಏಕೆಂದು ಪೂರ್ತಿ ಅರ್ಥವಾಯಿತು. ಹಿಂದೆ ಗೊಬ್ಬರದ ಚೀಲ ಹೇರಿದರೆ ಗಾಡಿಯ ಮೂತಿ ಎತ್ತರವಾಗುತ್ತದೆ. ಲೈಟಿನ ಎತ್ತರ ತಗ್ಗಿಸುವ ಗುಂಡಿ ಇದ್ದರೆ ಆಗ ಅದನ್ನು ಬಳಸಬೇಕು, ಇಲ್ಲದಿದ್ದರೆ ಹೊರೆ ಹೊತ್ತು ಓಡಾಡುವ ದಿನಗಳಿಗೆ ಸ್ಕ್ರೂವನ್ನೇ ಇಳಿಸಿಕೊಳ್ಳಬೇಕು.

ಕೂರಿಸಿದ ಒಂದು ವಾರದ ನಂತರ, ಕಾಲುವೆ ದಂಡೆಯ ಕುಲುಕು ದಾರಿಯಲ್ಲಿ ಓಡಾಡಿದ ಮೇಲೆ, ಅದೇ ಗೋಡೆಯ ಮುಂದೆ ಮತ್ತೊಮ್ಮೆ ನಿಲ್ಲಿಸಿ ಗೆರೆಗೆ ಸರಿಹೋಗುತ್ತಿದೆಯೇ ನೋಡಿ, ಡೂಮನ್ನು ಹಿಡಿದಿರುವ ರಿಂಗಿನ ಸ್ಕ್ರೂಗಳನ್ನು ಬಿಗಿಯಿರಿ. ತೆಗೆದ ಹಳೆಯ ಡೂಮು, ಬಲ್ಬುಗಳನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಳ್ಳಿ.