ಬೆನ್ನಿನ ನೀರು ಮತ್ತು ಒಂದು ಸಣ್ಣ ಟ್ಯೂಬು

"ಸಾಹೇಬ್ರ, ಬೆನ್ನಾಗಿನ ನೀರು ತಗದ್ರ ಕಾಲು ಹೋಗ್ತಾವಂತಲ್ರೀ?"

ಕಲಬುರಗಿಯಲ್ಲಿ ನರರೋಗಗಳ ವೈದ್ಯನಾಗಿ ನಾನು ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಳಂದ ಕಡೆಯ ನಿವೃತ್ತ ಮಾಸ್ತರರೊಬ್ಬರ ಮಗನೂ ಇದನ್ನೇ ಕೇಳಿದ. ನನ್ನ ಸೊಂಟ ಮುಟ್ಟಿಯೇ ತೋರಿಸಿದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಎಲುಬಿನ ಹತ್ತಿರ ಮುಗಿದುಬಿಡುತ್ತದೆ. ನಾವು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, 3–4 ಅಥವಾ 4–5ನೇ ಎಲುಬುಗಳ ನಡುವೆ. ಅಲ್ಲಿ ಹುರಿ ಇರುವುದಿಲ್ಲ, ನರದ ಎಳೆಗಳು ನೀರಿನಲ್ಲಿ ತೇಲುತ್ತಿರುತ್ತವೆ. ಮಿದುಳು, ಬೆನ್ನುಹುರಿಯ ಸುತ್ತಲೂ ಇರುವ ಈ ನೀರು ಒಟ್ಟು ಸುಮಾರು 150 ಎಂ.ಎಲ್. ಇರುತ್ತದೆ. ದಿನಕ್ಕೆ ಸುಮಾರು 500 ಎಂ.ಎಲ್. ಹೊಸದಾಗಿ ತಯಾರಾಗುತ್ತದೆ. ನಾವು ತೆಗೆಯುವ ಕೆಲವೇ ಎಂ.ಎಲ್. ಬೇಗ ತುಂಬಿಕೊಳ್ಳುತ್ತದೆ.

ಮಾಸ್ತರರಿಗೆ 62 ವರ್ಷ. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು, ಪೇಪರ್ ಓದುವುದು ಬಿಟ್ಟಿದ್ದರು. ಊರಿನವರು ಅರಳುಮರಳು ಅಂದುಬಿಟ್ಟಿದ್ದರು. ಆ ವಯಸ್ಸಿಗೆ ಅದು ಬೇಗ ಅಲ್ವಾ? ಬಿ12, ಥೈರಾಯ್ಡ್, ಎಂಆರ್‌ಐ ಎಲ್ಲ ನೋಡಿದ್ದಾಯಿತು, ಕಾರಣ ಸಿಗಲಿಲ್ಲ. ಇಂಥವರಿಗೆ ಮಾತ್ರ ನಾನು ಬೆನ್ನಿನ ನೀರಿನಲ್ಲಿ ಅಲ್ಝೈಮರ್ಸ್ ಎಂಬ ಮರೆವಿನ ರೋಗದ ಗುರುತು ಹುಡುಕುವ ಈ ಪರೀಕ್ಷೆ ಹೇಳುವುದು. ವರ್ಷಗಳಿಂದ ಮರೆವಿರುವ ಎಂಬತ್ತು ದಾಟಿದ ಅಜ್ಜಿಗೆ ಸುಮ್ನೆ ಸೂಜಿ ಚುಚ್ಚುವುದಿಲ್ಲ.

ನೀರು ಸಲೀಸಾಗಿ ಬಂತು. ಆದರೆ ಅವತ್ತು ನಾನು ಅದನ್ನು ವಾರ್ಡಿನಲ್ಲಿ ಕೈಗೆ ಸಿಕ್ಕ ಸಾಮಾನ್ಯ ಪ್ಲಾಸ್ಟಿಕ್ ಬಾಟಲಿಗೆ ಹಿಡಿದೆ. ಅಲ್ಲಿಂದ ಇನ್ನೊಂದಕ್ಕೆ ಸುರಿದು ಕಳಿಸಿದೆ. ಅಮಿಲಾಯ್ಡ್ ಬೀಟಾ 42 ಎಂಬ ಪ್ರೋಟೀನು ಕಡಿಮೆ ಅಂತ ವರದಿ ಬಂತು. ಅಲ್ಝೈಮರ್ಸ್‌ನಲ್ಲಿ ಅದು ಕಡಿಮೆಯಾಗುವುದು ನಿಜ, ಏಕೆಂದರೆ ಅದು ಮಿದುಳಿನಲ್ಲೇ ಗಡ್ಡೆಗಟ್ಟಿ ಉಳಿಯುತ್ತದೆ, ನೀರಿಗೆ ಬರುವುದು ಇಳಿಯುತ್ತದೆ. ಆದರೆ ಆ ರೋಗದಲ್ಲಿ ಸಾಮಾನ್ಯವಾಗಿ ಏರುವ ಟಾವ್, ಪಿ-ಟಾವ್ 181 ಎಂಬ ಪ್ರೋಟೀನುಗಳು ಎರಡೂ ಏರಿರಲಿಲ್ಲ. ಇದು ನನಗೆ ಕೂಡಿಬರಲಿಲ್ಲ. ಅಷ್ಟರಲ್ಲಿ ಮಗ ಮನೆಮಂದಿಗೆಲ್ಲ ಹೇಳಿಬಿಟ್ಟಿದ್ದ.

ತಪ್ಪು ಬಾಟಲಿಯಲ್ಲಿತ್ತು, ಅಂದರೆ ನನ್ನಲ್ಲಿತ್ತು. ಈ ಅಮಿಲಾಯ್ಡ್ ಪ್ರೋಟೀನು ಜಿಗುಟು. ಗಾಜು, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಗೋಡೆಗಳಿಗೆ ಅಂಟಿಕೊಂಡುಬಿಡುತ್ತದೆ. ಒಂದು ಬಾಟಲಿಯಿಂದ ಇನ್ನೊಂದಕ್ಕೆ ಸುರಿದಷ್ಟೂ ಜಾಸ್ತಿ ಕಳೆದುಹೋಗುತ್ತದೆ. ಯಂತ್ರ ಸರಿಯಾಗಿಯೇ ಅಳೆಯುತ್ತದೆ, ಆದರೆ ಗೋಡೆಗೆ ಅಂಟಿದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಇಲ್ಲದ ರೋಗ ಇದ್ದಂತೆ ಕಾಣುತ್ತದೆ.

ನಾನು ಮಾಸ್ತರರನ್ನು ಮತ್ತೆ ಕರೆಸಿದೆ. "ತಪ್ಪು ನನ್ನದು, ಇನ್ನೊಮ್ಮೆ ಸೂಜಿ ಹಾಕಬೇಕು" ಅಂದೆ. ಆ ಮಾತು ಹೇಳುವುದು ಸೂಜಿ ಹಾಕುವುದಕ್ಕಿಂತ ಕಷ್ಟವಾಗಿತ್ತು. ಅವರು ನನ್ನ ಮುಖ ನೋಡಿ, "ಹಾಕ್ರಿ" ಅಂದರು, ಅಷ್ಟೇ.

ಎರಡನೇ ಸಲ ಪ್ರೋಟೀನು ಕಡಿಮೆ ಅಂಟುವ ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಟ್ಯೂಬು ಮೊದಲೇ ತರಿಸಿಟ್ಟೆ. ಪೆನ್ಸಿಲ್ ಮೊನೆಯಂಥ ಸೂಜಿ ತೆಗೆದುಕೊಂಡೆ. ಅದು ಪೊರೆಯನ್ನು ಕತ್ತರಿಸದೆ ಸರಿಸಿ ಒಳಹೋಗುವುದರಿಂದ ಆಮೇಲಿನ ತಲೆನೋವು ಕಡಿಮೆ. ಸಿರಿಂಜಿನಿಂದ ಎಳೆಯಲಿಲ್ಲ, ಹನಿಹನಿಯಾಗಿ ತಾನೇ ಬೀಳಲು ಬಿಟ್ಟೆ. ರಕ್ತದ ಸುಳಿವು ಇರಬಾರದೆಂದು ಮೊದಲ ಒಂದೆರಡು ಎಂ.ಎಲ್. ಬೇರೆ ಇಟ್ಟೆ. ಆಮೇಲೆ ನೇರವಾಗಿ ಕಳಿಸುವ ಟ್ಯೂಬಿಗೇ ಹಿಡಿದೆ. ಅರ್ಧಕ್ಕಿಂತ ಕಡಿಮೆ ತುಂಬಿದರೆ ನೀರಿಗೆ ಹೋಲಿಸಿದಾಗ ಗೋಡೆಯ ಪಾಲು ಹೆಚ್ಚಾಗುತ್ತದೆ, ಹಾಗಾಗಿ ಕತ್ತಿನ ತನಕ ತುಂಬಿದೆ. ಅಲುಗಾಡಿಸಲಿಲ್ಲ, ತಲೆಕೆಳಗು ಮಾಡಲಿಲ್ಲ.

ಅದು ಮೇ ತಿಂಗಳು. ನಮ್ಮ ಬಿಸಿಲು ಗೊತ್ತಲ್ಲ, 42 ಡಿಗ್ರಿ ದಾಟುತ್ತದೆ. ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ 2ರಿಂದ 8 ಡಿಗ್ರಿಯ ತಂಪಿನ ಪೆಟ್ಟಿಗೆಯಲ್ಲಿ ಕಳಿಸಿದೆ. ಕೊರಿಯರ್ ಹುಡುಗ ಪೆಟ್ಟಿಗೆಯನ್ನು ಬೈಕಿನ ಹಿಂದೆ ಅಡ್ಡ ಕಟ್ಟಲು ಹೊರಟಿದ್ದ. ಅವನಿಗೂ ಎರಡು ನಿಮಿಷ ವಿವರಿಸಿ ಹೇಳಿದೆ. ಅವತ್ತಿನಿಂದ ಈ ಮಾತನ್ನು ಪ್ರತಿ ಸಲವೂ ಹೇಳುತ್ತೇನೆ.

ಈ ಸಲ ಅಮಿಲಾಯ್ಡ್ ಬೀಟಾ 42ನ್ನು ಒಂಟಿಯಾಗಿ ಕೇಳಲಿಲ್ಲ, ಅದರ ಮತ್ತು ಅದೇ ಜಾತಿಯ ಇನ್ನೊಂದು ಪ್ರೋಟೀನಾದ ಅಮಿಲಾಯ್ಡ್ ಬೀಟಾ 40ರ ಅನುಪಾತ ಕೇಳಿದೆ. 40 ಕೂಡ ಗೋಡೆಗೆ ಅಂಟುವುದರಿಂದ ಅನುಪಾತ ಅಷ್ಟೊಂದು ಕೆಡುವುದಿಲ್ಲ. ಎಲ್ಲ ಸಹಜವಾಗಿ ಬಂತು.

ಆಗ ಅವರ ಜೊತೆ ನಿಧಾನವಾಗಿ ಕೂತು ಮಾತಾಡಿದೆ. ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ನಿದ್ದೆ ಇಲ್ಲ, ಊಟ ಬೇಡ. ಖಿನ್ನತೆಯೂ ಹೀಗೆ ಮರೆವಿನ ವೇಷದಲ್ಲಿ ಬರುತ್ತದೆ. ಮೊದಲೇ ಇಷ್ಟು ಹೊತ್ತು ಕೂರಬೇಕಿತ್ತು. ಔಷಧ ಶುರುಮಾಡಿ ನಾಲ್ಕು ತಿಂಗಳಿಗೆ ಮತ್ತೆ ಬಂದಾಗ ಮಾಸ್ತರರ ಕಂಕುಳಲ್ಲಿ ಅವತ್ತಿನ ಪೇಪರ್ ಇತ್ತು.