ಝಡ್3ಯಲ್ಲಿ ಕೂಲೆಂಟ್ ಸೋರಿಕೆ: ಹುಡುಕಿದ್ದು, ಕಟ್ಟಿದ್ದು

ಗಾಡಿ ಬಿಎಂಡಬ್ಲ್ಯು ಝಡ್3, 2.8 ಲೀಟರ್, ಆರು ಸಿಲಿಂಡರ್. ಟ್ಯಾಂಕಿನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ವಾರಕ್ಕೊಮ್ಮೆ ಇಳಿಯುತ್ತಿತ್ತು, ನೆಲದ ಮೇಲೆ ಮಾತ್ರ ಹನಿ ಇಲ್ಲ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುತ್ತದೆ. ಪುಲ್ಲಿಯ ಮೇಲೆ ಬಿದ್ದರೆ ಸುತ್ತಲೂ ಸಿಡಿದು ಎಲ್ಲಿಂದ ಬಂತೆಂದೇ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ನಟ್ಟನ್ನೂ ಮುಟ್ಟುವ ಮೊದಲು ಪ್ರೆಷರ್ ಟೆಸ್ಟ್ ಮಾಡಿದೆ.

ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಗಾಡಿಗೆ ಟ್ಯಾಂಕಿನ ಮುಚ್ಚಳ ತೆಗೆದು ಕೈಪಂಪ್ ಕೂರಿಸಿ 1.5 ಬಾರ್ ಒತ್ತಡ ಕೊಟ್ಟೆ. ಎರಡು ನಿಮಿಷದಲ್ಲಿ 0.1 ಬಾರ್‌ಗಿಂತ ಹೆಚ್ಚು ಇಳಿಯಬಾರದು. ತಣ್ಣಗಿದ್ದಾಗಲೇ ನೋಡುವುದಕ್ಕೆ ಕಾರಣವಿದೆ: ಪ್ಲಾಸ್ಟಿಕ್ಕೂ ರಬ್ಬರೂ ಕುಗ್ಗಿ ಸಂದು ಬಿಡುವುದು ಆಗಲೇ. ಟಾರ್ಚ್ ಹಿಡಿದು ನೋಡಿದರೆ ಥರ್ಮೋಸ್ಟಾಟ್ ಅನ್ನುವ, ಬಿಸಿಗೆ ತಕ್ಕಂತೆ ಕೂಲೆಂಟ್ ಬಿಡುವ ಕವಾಟದ ಹೌಸಿಂಗ್‌ನ ಕೆಳ ಅಂಚಿನಲ್ಲಿ ಉಪ್ಪು ಕಟ್ಟಿದಂಥ ಬಿಳಿ ಗೆರೆ, ಅದರ ತುದಿಯಲ್ಲಿ ನಿಧಾನವಾಗಿ ದಪ್ಪಗಾಗುವ ಹನಿ.

ಆ ಹೌಸಿಂಗ್ (ಹೊರಕವಚ) ಪ್ಲಾಸ್ಟಿಕ್ಕಿನದು. ವರ್ಷಗಟ್ಟಲೆ ಕಾದು ಆರಿ ಹಪ್ಪಳದಂತಾಗಿರುತ್ತದೆ. ರೇಡಿಯೇಟರ್‌ನ ಹೋಸ್ ಮೂತಿ, ಹಳೆಯ ವಾಟರ್ ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಎಲ್ಲಕ್ಕೂ ಅದೇ ವಯಸ್ಸು. ಒಂದನ್ನೇ ಬದಲಿಸಿದರೆ ಒತ್ತಡ ಮುಂದಿನ ದುರ್ಬಲ ಜಾಗ ಹುಡುಕಿಕೊಳ್ಳುತ್ತದೆ. ಅದಕ್ಕೇ ಅಲ್ಯೂಮಿನಿಯಂ ಹೌಸಿಂಗ್, ಥರ್ಮೋಸ್ಟಾಟ್, ಲೋಹದ ಇಂಪೆಲ್ಲರ್ ಇರುವ ಪಂಪ್, ಮೇಲಿನ ಕೆಳಗಿನ ಹೋಸ್, ಹೊಸ ಮುಚ್ಚಳ ಒಟ್ಟಿಗೇ ತರಿಸಿದೆ. ಕ್ಲಾಂಪು, ಡಿಸ್ಟಿಲ್ಡ್ ವಾಟರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಗುಜರಿಯಲ್ಲಿ ಸಿಗುವ ಹಳೆಯ ಪ್ಲಾಸ್ಟಿಕ್ ಭಾಗ ಮಾತ್ರ ದಯವಿಟ್ಟು ಬೇಡ.

ಫ್ಯಾನ್ ಬಿಚ್ಚಲು 32 ಮಿ.ಮೀ. ಸ್ಪ್ಯಾನರ್ ಬೇಕು. ಫ್ಯಾನಿನ ನಟ್ಟಿನ ಮರೆ (ತಿರುಪಿನ ಸುತ್ತುಗೆರೆ) ಉಲ್ಟಾ. ಮುಂದೆ ನಿಂತು ನೋಡಿದರೆ ಬಲಕ್ಕೆ ತಿರುಗಿಸಿದಾಗ ಬಿಚ್ಚುತ್ತದೆ. ಪಂಪ್ ಪುಲ್ಲಿಯ ನಾಲ್ಕು ಬೋಲ್ಟ್‌ಗಳನ್ನು ಬೆಲ್ಟ್ ಬಿಗಿಯಾಗಿರುವಾಗಲೇ ಸಡಿಲಿಸಿ. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಕೈಗೆ ಸಿಗದೆ ಸುತ್ತುತ್ತದೆ. ಪಂಪಿನ ನಾಲ್ಕು ನಟ್ ತೆಗೆದರೂ ಅದು ಅಲುಗಾಡುವುದಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಲ್ಯೂಮಿನಿಯಂ ಅಂಚಿಗೆ ಗೀರು ಬಿದ್ದು ಹೊಸ ಲೀಕ್ ಶುರು. ಪಂಪಿನ ಮೈಯಲ್ಲೇ ಎರಡು ಮರೆ ತೂತುಗಳಿವೆ. ಅವಕ್ಕೆ ಎಂ6 ಬೋಲ್ಟ್ ಹಾಕಿ ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು ಬಿಗಿಸುತ್ತ ಹೋದರೆ ತಾನಾಗಿ ಹೊರಬರುತ್ತದೆ.

ಹೊಸ ಪಂಪಿನ ಓ-ರಿಂಗಿಗೆ (ರಬ್ಬರ್ ಬಳೆಗೆ) ಕೂಲೆಂಟನ್ನೇ ಸವರಿ ಕೂರಿಸಿದೆ, ಸಿಲಿಕೋನ್ ಅಂಟು ಹಚ್ಚಲಿಲ್ಲ. ಎಂ6 ನಟ್, ಬೋಲ್ಟ್‌ಗಳಿಗೆ 10 ನ್ಯೂಟನ್ ಮೀಟರ್ ಸಾಕು. ಕೈ ಅಂದಾಜಿನಲ್ಲಿ ಬಿಗಿಸುವವರು ಕೆಡಿಸುವುದು ಇಲ್ಲೇ. ಥರ್ಮೋಸ್ಟಾಟ್ ಮೇಲಿನ ಬಾಣದ ಗುರುತು ಮೇಲ್ಮುಖವಾಗಿರಲಿ.

ಎಂಜಿನ್ ಬ್ಲಾಕಿನಿಂದ ನೀರು ಬಸಿಯುವ ಡ್ರೈನ್ ಬೋಲ್ಟ್ ಬಿಚ್ಚದಿದ್ದರೆ ಎಂಜಿನ್ ಒಳಗೆ ಸಾಕಷ್ಟು ನೀರು ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದ ಮೇಲೆ ಕೂಲೆಂಟ್, ನೀರು ಅರ್ಧಕ್ಕರ್ಧ ಬೆರೆಸಿದ್ದನ್ನು ತುಂಬಿದರೆ ಮಿಶ್ರಣ ತೆಳುವಾಯಿತು ಅಂತಲೇ ಲೆಕ್ಕ. ಒಟ್ಟು 10.5 ಲೀಟರ್ ಹಿಡಿಯುವುದರಿಂದ ಮೊದಲು 5.25 ಲೀಟರ್ ಶುದ್ಧ ಕೂಲೆಂಟ್ ಹಾಕಿ, ಆಮೇಲೆ ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿಸಿದೆ. ಕೂಲೆಂಟ್ ನೈಟ್ರೈಟ್, ಫಾಸ್ಫೇಟ್ ಇಲ್ಲದ್ದೇ ಆಗಬೇಕು. ನಮ್ಮೂರಿನ ಬೋರ್‌ವೆಲ್ ನೀರು ಗಡಸು, ಒಳಗೆ ಪದರ ಕಟ್ಟುತ್ತದೆ. ಲೀಕ್ ನಿಲ್ಲಿಸಲು ಅರಿಶಿನ ಪುಡಿ ಹಾಕುವ ಹಳೆಯ ರೂಢಿಯೂ ಇದೆ. ಆ ಪುಡಿ ಹೀಟರ್‌ನ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗಿ ಕೂತರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ.

ಗಾಳಿ ತೆಗೆಯುವಾಗ ಅವಸರ ಕೂಡದು. ಗಾಡಿಯ ಮೂತಿ ಎತ್ತರಿಸಿ, ಇಗ್ನಿಶನ್ ಆನ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ದಾರದಂತೆ ಸುರಿದೆ. ಮೊದಲು ನೊರೆ, ಆಮೇಲೆ ಬಿಟ್ಟು ಬಿಟ್ಟು ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಸಣ್ಣ ಧಾರೆ. ಆಗ ಸ್ಕ್ರೂ ಹಗುರವಾಗಿ ಮುಚ್ಚಿದೆ, ಅದೂ ಪ್ಲಾಸ್ಟಿಕ್ಕೇ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒತ್ತಡ ಹಿಡಿಯದ ಮುಚ್ಚಳವಿದ್ದರೆ ಸಿಲ್ಕ್ ಬೋರ್ಡ್ ಜಾಮ್‌ನಲ್ಲೇ ಕುದಿತ ಶುರುವಾದೀತು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮೀಟರಿನ ಮುಳ್ಳನ್ನು ನೆಚ್ಚಬೇಡಿ. ಸ್ವಲ್ಪ ಬಿಸಿ ಏರಿದರೂ ಅದು ನಟ್ಟನಡುವೆಯೇ ನಿಂತಿರುತ್ತದೆ. ಅದು ಮೇಲೆ ಸರಿಯುವ ಹೊತ್ತಿಗೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವ ಅಪಾಯ ಬಂದಾಗಿರುತ್ತದೆ. ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ನಿಜವಾದ ಡಿಗ್ರಿಯನ್ನೇ ನೋಡಿದೆ.

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೆ 1.5 ಬಾರ್ ಕೊಟ್ಟು ಕ್ಲಾಂಪುಗಳನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿದೆ. ಕೆಳಗಿನ ಹೋಸಿನ ಕ್ಲಾಂಪ್ ಹತ್ತಿರ ತೇವವಿತ್ತು. ಕಾಲು ಸುತ್ತು ಬಿಗಿಸಿದ ಮೇಲೆ ಕೈಪಂಪಿನ ಒತ್ತಡದ ಮುಳ್ಳು ಅಲುಗಲಿಲ್ಲ.